ಬೀಜ ಯಾರದು, ದುಡ್ಡು ಯಾರಿಗೆ?

ಶಾಲೆಗಳ ಛದ್ಮವೇಷ ಸ್ಪರ್ಧೆಯಲ್ಲಿ ರೈತನ ವೇಷಕ್ಕೆ ಬಹುಮಾನ ಕೊಡುವುದನ್ನು ಇನ್ನಾದರೂ ನಿಲ್ಲಿಸಬೇಕು. ಈ ಮಾತನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಆಡಿದಾಗ ಸಹೋದ್ಯೋಗಿಗಳು ನನ್ನನ್ನು ರೈತವಿರೋಧಿ ಎಂದು ಕರೆದು ನಕ್ಕರು. ನಗಲಿ. ಇಪ್ಪತ್ತೆಂಟು ವರ್ಷಗಳಿಂದ ಈ ವೇಷವನ್ನು ನೋಡುತ್ತ ಬಂದಿದ್ದೇನೆ. ಹೆಗಲ ಮೇಲೆ ಹಸಿರು ಶಾಲು, ಕಾಡಿಗೆಯಿಂದ ತೀಡಿದ ಮೀಸೆ, ಬೆಳ್ಳಿ ಕಾಗದ ಅಂಟಿಸಿದ ರಟ್ಟಿನ ಕುಡುಗೋಲು. ತಾಯಿ ಬರೆದುಕೊಟ್ಟ ನಾಲ್ಕು ಸಾಲು ಒಪ್ಪಿಸಿ, ತಾನು ಅನ್ನದಾತನೆಂದೂ ದೇಶದ ಬೆನ್ನೆಲುಬೆಂದೂ ಹೇಳಿ ಮಗು ಕೈಮುಗಿಯುತ್ತದೆ. ಚಪ್ಪಾಳೆ. ಆ ಮಗುವನ್ನು ಪಕ್ಕಕ್ಕೆ ಕರೆದು, ‘ಏನು ಬೆಳೆದಿ ಗೌಡ? ಬೀಜ ಎಲ್ಲಿಂದ ತಂದಿ? ಎಷ್ಟಕ್ಕೆ ಮಾರಿದಿ?’ ಎಂದು ಕೇಳಿ ನೋಡಿ. ಅದು ತಾಯಿಯ ಮುಖ ನೋಡುತ್ತದೆ. ತಾಯಿ ನಮ್ಮ ಮುಖ ನೋಡುತ್ತಾಳೆ.

ಇನ್ನೊಂದು ಮಾತು. ಈ ಇಪ್ಪತ್ತೆಂಟು ವರ್ಷಗಳಲ್ಲಿ ಹೊಲದ ಹೆಂಗಸಿನ ವೇಷ ಹಾಕಿಕೊಂಡು ಬಂದ ಒಂದು ಹುಡುಗಿಯನ್ನೂ ನಾನು ಕಂಡಿಲ್ಲ. ಹುಡುಗಿಯರೆಲ್ಲ ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ, ಅಕ್ಕಮಹಾದೇವಿ. ಕಳೆ ತೆಗೆಯುವವಳು, ಮೆಣಸಿನಕಾಯಿ ಬಿಡಿಸುವವಳು, ಬೀಜ ಹಸನು ಮಾಡುವವಳು ಯಾರ ಕಣ್ಣಿಗೂ ವೇಷಕ್ಕೆ ತಕ್ಕವಳಾಗಿ ಕಾಣಲಿಲ್ಲ.

ನಾವು ರೈತನನ್ನು ದೇವರ ಜಗಲಿಯ ಮೇಲೆ ಕೂರಿಸಿದ್ದೇವೆ. ದೇವರೊಂದಿಗೆ ನಮ್ಮ ವ್ಯವಹಾರ ಹೇಗೆಂಬುದು ಹೆಂಗಸರಾದ ನಮಗೆ ಚೆನ್ನಾಗಿ ಗೊತ್ತು. ನೈವೇದ್ಯ ತೋರಿಸುತ್ತೇವೆ, ಗಂಟೆ ಬಾರಿಸುತ್ತೇವೆ, ಆಮೇಲೆ ಹೋಳಿಗೆಯನ್ನು ನಾವೇ ತಿನ್ನುತ್ತೇವೆ. ದೇವರು ಬಿಲ್ಲು ಕಳಿಸುವುದಿಲ್ಲ. ಅನ್ನದಾತನೂ ಹಾಗೆಯೇ ಇರಲೆಂಬುದು ನಮ್ಮ ಒಳಗಿನ ಆಸೆ. ಪೂಜೆಗೆ ಖರ್ಚು ಕಡಿಮೆ. ಲೆಕ್ಕ ಚುಕ್ತಾ ಮಾಡುವುದೇ ಕಷ್ಟ.

ಊಟ ಎಲ್ಲಿಂದ ಬರುತ್ತದೆ ಎಂಬ ಪಾಠ ನಮ್ಮ ಶಾಲೆಗಳಲ್ಲಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ. ಬೇರು, ಕಾಂಡ, ಎಲೆ, ಹೂವು ಎಂದು ಚಿತ್ರ ಬರೆಸುತ್ತೇವೆ. ಒದ್ದೆ ಹತ್ತಿಯ ಮೇಲೆ ಹೆಸರುಕಾಳು ಮೊಳೆಯಿಸುತ್ತೇವೆ. ಗೆಣಸು ಬೇರು, ಆಲೂಗಡ್ಡೆ ಕಾಂಡ ಎಂದು ಉರು ಹೊಡೆಸುತ್ತೇವೆ. ಮೇಟಿ ವಿದ್ಯೆಯನ್ನು ಕೊಂಡಾಡುವ ಸರ್ವಜ್ಞನ ತ್ರಿಪದಿಯನ್ನು ಬಾಯಿಪಾಠ ಮಾಡಿಸುತ್ತೇವೆ. ಸರ್ವಜ್ಞ ನಮ್ಮ ಹಾವೇರಿ ಸೀಮೆಯವನೇ ಎಂದು ಹೆಮ್ಮೆಯನ್ನೂ ಪಡುತ್ತೇವೆ. ಆದರೆ ಈ ಪಾಠದಲ್ಲಿ ಎರಡು ಪ್ರಶ್ನೆಗಳು ಬರುವುದೇ ಇಲ್ಲ. ಬೀಜ ಯಾರದು? ದುಡ್ಡು ಯಾರಿಗೆ ಹೋಯಿತು? ಈ ಎರಡನ್ನು ಬಿಟ್ಟು ಕಲಿಸಿದ ಊಟದ ಪಾಠ ಅರ್ಧ ಪಾಠ. ಅರ್ಧ ಪಾಠ ಕಲಿತವರು ಕೈಮುಗಿಯುವುದನ್ನು ಕಲಿಯುತ್ತಾರೆ, ಕೇಳುವುದನ್ನು ಕಲಿಯುವುದಿಲ್ಲ. ನನ್ನ ತಕರಾರು ಇಷ್ಟೇ.

ಮೊದಲು ಬೀಜದ ಮಾತು. ನಮ್ಮ ಹಾವೇರಿ ಜಿಲ್ಲೆಯಲ್ಲಿ, ಅದರಲ್ಲೂ ರಾಣೆಬೆನ್ನೂರಿನ ಸುತ್ತಮುತ್ತ, ‘ಕ್ರಾಸಿಂಗ್’ ಎಂಬ ಇಂಗ್ಲಿಷ್ ಮಾತನ್ನು ಅರಿಯದ ಹೆಣ್ಣುಮಗಳಿಲ್ಲ. ನಗರದವರಿಗೆ ಅದು ರಸ್ತೆ ದಾಟುವ ಜಾಗ. ನಮ್ಮವರಿಗೆ ಅದು ಕೂಲಿ. ಟೊಮೆಟೊ, ಮೆಣಸಿನಕಾಯಿ, ಬೆಂಡೆ, ಹತ್ತಿಯ ಹೈಬ್ರಿಡ್ ಬೀಜಗಳು ತಯಾರಾಗುವುದು ಕಾರ್ಖಾನೆಯ ಯಂತ್ರದಲ್ಲಿ ಅಲ್ಲ, ಹೊಲದಲ್ಲಿ, ಹೆಂಗಸರ ಬೆರಳ ತುದಿಯಲ್ಲಿ. ಹೊಲದಲ್ಲಿ ಗಂಡು ಸಾಲು ಬೇರೆ, ಹೆಣ್ಣು ಸಾಲು ಬೇರೆ. ಹೆಣ್ಣು ಸಾಲಿನ ಗಿಡದಲ್ಲಿ ನಾಳೆ ಅರಳಲಿರುವ ಮೊಗ್ಗನ್ನು ಇಂದೇ ಗುರುತಿಸಿ, ಅದರೊಳಗಿನ ಗಂಡು ಭಾಗವನ್ನು ಚಿಮಟದಿಂದ ಎಳೆದು ತೆಗೆಯಬೇಕು. ಒಳಗಿನ ಎಳೆ ಕಡ್ಡಿಗೆ ಪೆಟ್ಟಾಗಬಾರದು. ಮರುದಿನ ಬೆಳಗ್ಗೆ ಗಂಡು ಗಿಡದ ಹೂವಿನ ಪುಡಿಯನ್ನು ತಂದು ಅದರ ತುದಿಗೆ ಸವರಬೇಕು. ಒಂದು ಹೂವಿಗೆ ಇಷ್ಟು ಕೆಲಸ. ಒಂದು ಹೊಲದಲ್ಲಿ ಎಷ್ಟು ಹೂವು ಎಂಬುದನ್ನು ನೀವೇ ಊಹಿಸಿಕೊಳ್ಳಿ. ಬೆನ್ನು ಬಗ್ಗಿಸಿ, ಸಾಲಿನಿಂದ ಸಾಲಿಗೆ, ವಾರಗಟ್ಟಲೆ.

ಗಣೇಶ ಚೌತಿಯಿಂದ ದೀಪಾವಳಿಯವರೆಗೆ ನಮ್ಮ ಹಾಜರಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಕೆಂಪು ಗೆರೆ ಹೆಚ್ಚುವುದು ಈ ಕ್ರಾಸಿಂಗ್‌ನಿಂದ. ಒಮ್ಮೆ ಹಾಗೆ ಹನ್ನೊಂದು ದಿನ ಬಿಟ್ಟು ಬಂದ ಏಳನೆಯ ತರಗತಿಯ ಹುಡುಗಿಯೊಬ್ಬಳು ಹೂವಿನ ಭಾಗಗಳ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಮೂರು ಅಂಕ ಪಡೆದಿದ್ದಳು. ವಿಜ್ಞಾನ ನನ್ನ ವಿಷಯವಲ್ಲ, ನಾನು ಸಮಾಜ ವಿಜ್ಞಾನದವಳು. ಬೇರೊಬ್ಬರ ಬದಲಿಗೆ ಆ ಪೀರಿಯಡ್ಡಿಗೆ ಹೋಗಿದ್ದೆ. ಪುಂಕೇಸರ ಯಾವುದು, ಶಲಾಕೆ ಯಾವುದು ಎಂದು ಕೇಳಿದೆ. ತಲೆ ತಗ್ಗಿಸಿದಳು. ಕಿಟಕಿಯಾಚೆ ದಾಸವಾಳದ ಗಿಡವಿತ್ತು. ಒಂದು ಹೂ ತರಿಸಿ ಕೈಗಿಟ್ಟೆ. ಆಗ ನೋಡಬೇಕಿತ್ತು. ‘ಅಕ್ಕೋರೆ, ಇದು ಗಂಡಿಂದು, ಇದು ಹೆಣ್ಣಿಂದು. ಈ ಪುಡಿ ಉದುರೂದ್ರಾಗ ಇದನ್ನ ತಗದ್‌ಬಿಡಬೇಕ್ರಿ. ಇಲ್ಲಾಂದ್ರ ಬೀಜ ಫೇಲ್ ಆಗತದ್ರಿ, ರೊಕ್ಕ ಕೊಡಂಗಿಲ್ಲ’ ಎಂದು ಒಂದೇ ಉಸಿರಿಗೆ ಹೇಳಿದಳು. ಉಗುರಿನಲ್ಲಿ ಎಷ್ಟು ನಾಜೂಕಾಗಿ ಬಿಡಿಸಿ ತೋರಿಸಿದಳೆಂದರೆ ಇಡೀ ತರಗತಿ ಬೆಂಚಿನ ಮೇಲೆ ಹತ್ತಿ ನಿಂತು ನೋಡಿತು. ಇಪ್ಪತ್ತಕ್ಕೆ ಇಪ್ಪತ್ತು ಪಡೆದ ಹುಡುಗರಿಗೆ ಅಷ್ಟು ಗೊತ್ತಿರಲಿಲ್ಲ. ನಮ್ಮ ಶಾಲೆಯ ಅಂಕಪಟ್ಟಿಯಲ್ಲಿ ಮಾತ್ರ ಆಕೆ ನಪಾಸು.

ಆ ಹುಡುಗಿ ಹೇಳಿದ ಕೊನೆಯ ಮಾತನ್ನು ಗಮನಿಸಬೇಕು. ಕಂಪನಿ ಗಂಡು ಹೆಣ್ಣು ತಳಿಗಳ ಮೂಲ ಬೀಜ ಕೊಡುತ್ತದೆ. ಹೊಲ, ಗೊಬ್ಬರ, ನೀರು, ಕೂಲಿ ಎಲ್ಲ ಬೆಳೆಗಾರನದು. ಬಂದ ಬೀಜವನ್ನು ಪರೀಕ್ಷೆಗೆ ಹಾಕುತ್ತಾರೆ. ಮೊಳಕೆ ಸರಿಯಾಗಿ ಬಂದರೆ, ಬೆರಕೆ ಇಲ್ಲದಿದ್ದರೆ ಹಣ. ಅದೂ ತಿಂಗಳುಗಳು ಕಳೆದ ಮೇಲೆ. ಫೇಲಾದರೆ ಆ ವರ್ಷದ ದುಡಿಮೆ ಹೊಳೆಗೆ. ಅದೇ ಬೀಜ ಬಣ್ಣದ ಪೊಟ್ಟಣದಲ್ಲಿ ಗ್ರಾಂ ಲೆಕ್ಕದಲ್ಲಿ ಅಂಗಡಿಗೆ ಬಂದಾಗ ಅದರ ಬೆಲೆ ನೋಡಿ, ಬೆಳೆಗಾರನಿಗೆ ಸಿಕ್ಕ ಬೆಲೆಯನ್ನೂ ನೋಡಿ. ನಡುವಿನ ಅಂತರ ಎಷ್ಟು, ಅದು ಯಾಕೆ ಎಂದು ಕೇಳುವುದು ಗಣಿತದ ಪಾಠವಲ್ಲವೇ?

ಕಾನೂನು ಇಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳು ಶಾಲೆಯಲ್ಲಿರಬೇಕೆನ್ನುತ್ತದೆ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿ ತಂದು 14 ವರ್ಷದೊಳಗಿನವರ ದುಡಿಮೆಯನ್ನು ಎಲ್ಲ ಕಡೆ ನಿಷೇಧಿಸಿದರು. ಆದರೆ ಶಾಲೆಯ ಸಮಯ ಬಿಟ್ಟು, ರಜೆಯಲ್ಲಿ, ಮನೆಯವರ ಕೆಲಸಕ್ಕೆ ‘ನೆರವಾಗಬಹುದು’ ಎಂದು ಒಂದು ಕಿಂಡಿಯನ್ನೂ ಬಿಟ್ಟರು. ಬೀಜದ ಹೊಲ ಮನೆಯದೇ ಹೊಲ. ಮಗಳು ಮಾಡುವುದು ನೆರವು. ಆ ಕಿಂಡಿಯಲ್ಲಿ ಎಷ್ಟು ಹುಡುಗಿಯರು ನುಸುಳಿ ಹೊರಗೆ ಹೋಗಿದ್ದಾರೆಂದು ಹಾಜರಿ ಪುಸ್ತಕ ಇಡುವ ನನ್ನಂಥವರನ್ನು ಕೇಳಿ.

ಹೈಬ್ರಿಡ್ ಎಂದರೆ ವಿಷ, ನಾಟಿ ಎಂದರೆ ಅಮೃತ ಎನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. 1972ರಲ್ಲಿ ಧಾರವಾಡದ ಕೃಷಿ ವಿಜ್ಞಾನಿ ಬಿ. ಎಚ್. ಕತರಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಒಂದು ಹೈಬ್ರಿಡ್ ಹತ್ತಿ ಕೊಟ್ಟರು. ಅದಕ್ಕೆ ಇಟ್ಟ ಹೆಸರು ‘ವರಲಕ್ಷ್ಮಿ’. ಹೆಸರಿಗೆ ತಕ್ಕ ಹಾಗೆ ಅದು ಅನೇಕರ ಮನೆಗೆ ಲಕ್ಷ್ಮಿಯನ್ನು ತಂದಿತು. ಆದರೆ ಹೈಬ್ರಿಡ್ಡಿನ ಗುಣವೊಂದಿದೆ. ಅದರ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದರೆ ಒಂದೇ ಹೊಲದಲ್ಲಿ ಹತ್ತು ಬಗೆಯ ಗಿಡ. ಒಂದು ಎತ್ತರ, ಒಂದು ಗಿಡ್ಡ, ಒಂದು ಕಾಯಿ ದಪ್ಪ, ಒಂದು ಸಣ್ಣ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಮೆಂಡೆಲನ ಬಟಾಣಿಯ ಕಥೆ ಇರುವುದು ಇದನ್ನೇ ಹೇಳಲು. ನಮ್ಮ ಮಕ್ಕಳು ಮೂರಕ್ಕೆ ಒಂದು ಎಂದು ಅನುಪಾತ ಬರೆದು ಅಂಕ ಗಿಟ್ಟಿಸುತ್ತಾರೆ. ಅಪ್ಪ ಪ್ರತಿ ವರ್ಷ ಬೀಜದ ಅಂಗಡಿಯ ಮುಂದೆ ಸಾಲಾಗಿ ನಿಲ್ಲುವುದು ಅದೇ ಅನುಪಾತದ ಕಾರಣಕ್ಕೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ವಿಜ್ಞಾನ ಬೇರೆ ದಾರಿಯಲ್ಲೂ ನಡೆಯಬಲ್ಲದು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ಬೆಳೆಸಿದರು. ಇಂಡಿಯಾದ ‘ಇಂಡ್’, ಆಫ್ರಿಕದ ‘ಆಫ್’; ಹೆಸರಿನಲ್ಲೇ ಎರಡು ಖಂಡಗಳ ಬೀಗತನ. ರಾಗಿ ತನ್ನ ಹೂವಿನಲ್ಲಿ ತಾನೇ ಕಾಳು ಕಟ್ಟುವ ಬೆಳೆಯಾದ್ದರಿಂದ, ತಳಿ ಒಮ್ಮೆ ನೆಲೆ ನಿಂತ ಮೇಲೆ ಅದರ ಬೀಜವನ್ನು ರೈತ ಮನೆಯಲ್ಲೇ ಎತ್ತಿಡಬಹುದು, ನೆರೆಯವನಿಗೆ ಒಂದು ಸೇರು ಕೊಡಬಹುದು. ಇಳುವರಿ ಹೆಚ್ಚಿತು, ಬೀಜವೂ ಮನೆಯಲ್ಲೇ ಉಳಿಯಿತು. ಇಷ್ಟು ದೊಡ್ಡ ಉಪಕಾರ ಮಾಡಿದವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಕ್ರಿಕೆಟ್ ಆಟಗಾರರ ಶತಕಗಳು ಗೊತ್ತಿವೆ.

ಬೀಜ ಎತ್ತಿಡುವ ವಿದ್ಯೆ ಹೆಂಗಸರದು. ಒಳ್ಳೆಯ ತೆನೆಯನ್ನು ಕಣದಲ್ಲೇ ಬೇರೆ ಮಾಡುವುದು, ಬೂದಿ ಸವರಿ ಮಡಕೆಯಲ್ಲಿಡುವುದು, ಬೇವಿನ ಸೊಪ್ಪು ಹಾಕುವುದು, ಸೋರೆ ಬುರುಡೆಯಲ್ಲಿ ತುಂಬಿ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟುವುದು, ತೊಗರಿಗೆ ಕೆಮ್ಮಣ್ಣು ಕಟ್ಟುವುದು. ಮಹಾನವಮಿಯಲ್ಲಿ ಘಟ್ಟ ಹಾಕಿ ಕಾಳು ಮೊಳೆಯಿಸಿ ಸಸಿಯನ್ನು ಮುಡಿಯುತ್ತೇವಲ್ಲ, ಯಾವ ಕಾಳು ಚೆನ್ನಾಗಿ ಮೊಳೆಯಿತು, ಯಾವುದು ಕುಂಟಿತು ಎಂದು ನಮ್ಮ ಅಜ್ಜಿಯಂದಿರು ಕಣ್ಣಿಟ್ಟು ನೋಡುತ್ತಿದ್ದರು. ಪೂಜೆಯೊಳಗೇ ಪರೀಕ್ಷೆ ಇತ್ತು. ಈಗ ಘಟ್ಟಕ್ಕೆ ಬೇಕಾದ ಕಾಳು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕಟ್ಟಿ ಬರುತ್ತದೆ. ಪೂಜೆ ಉಳಿಯಿತು, ಪರೀಕ್ಷೆ ಹೋಯಿತು.

ಈ ಹಕ್ಕು ಬರೀ ಅಜ್ಜಿಯ ನೆನಪಲ್ಲ, ಅದು ಕಾನೂನು. ಸಸ್ಯತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ 2001ರಲ್ಲಿ ಬಂತು. ಅದರ 39ನೆಯ ಕಲಮಿನ ಪ್ರಕಾರ ರೈತ ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ರಕ್ಷಿತ ತಳಿಯ ಬೀಜಕ್ಕೆ ಬ್ರ್ಯಾಂಡಿನ ಚೀಟಿ ಹಚ್ಚಿ ಮಾರುವಂತಿಲ್ಲ ಅಷ್ಟೆ. 1992ರ ಡಿಸೆಂಬರಿನಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ರೈತಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ್ದು ದೊಡ್ಡ ಸುದ್ದಿಯಾಗಿತ್ತು. ಅವರ ದಾರಿ ಸರಿಯೋ ತಪ್ಪೋ ವಾದ ಮಾಡೋಣ. ಆದರೆ ಬೀಜದ ಪ್ರಶ್ನೆಯನ್ನು ಬೀದಿಗೆ ತಂದವರಲ್ಲಿ ಕನ್ನಡದ ರೈತರೂ ಮುಂಚೂಣಿಯಲ್ಲಿದ್ದರು ಎಂಬುದನ್ನು ಕನ್ನಡದ ಮಕ್ಕಳಿಗೆ ಹೇಳಬೇಡವೇ? ಅದು ಹಳೆಯ ಕಥೆಯೆನ್ನುವವರಿಗೆ ಹೊಸದೊಂದಿದೆ. ಪಕ್ಕದ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಅವರು ಮಾಡಿದ್ದು ಸಿರಿಧಾನ್ಯ ಬೆಳೆಸಿದ್ದು, ಬೀಜ ಬ್ಯಾಂಕು ನಡೆಸಿದ್ದು. ಒಂದು ಸೇರು ಒಯ್ದವಳು ಸುಗ್ಗಿಯಲ್ಲಿ ಎರಡು ಸೇರು ಹಿಂದಿರುಗಿಸುವುದು ಇಂಥ ಬ್ಯಾಂಕುಗಳ ಸಾಮಾನ್ಯ ನಿಯಮ. ಬಡ್ಡಿ ನೂರಕ್ಕೆ ನೂರಾದರೂ ಯಾರೂ ದಿವಾಳಿಯಾಗದ ಬ್ಯಾಂಕು ಇದೊಂದೇ ಇರಬೇಕು!

ಇನ್ನು ದುಡ್ಡಿನ ಮಾತು. ಬೇಸಿಗೆ ಬಂತೆಂದರೆ ನಮ್ಮ ಓಣಿಗಳಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಘಾಟು. ವರ್ಷಕ್ಕೆ ಬೇಕಾದ ಖಾರಪುಡಿ ಮಾಡಿಸಿ ಡಬ್ಬಿ ತುಂಬಿದರೆ ಮನೆಯೊಡತಿಗೆ ನಿಶ್ಚಿಂತೆ. ಕಡ್ಡಿ, ಡಬ್ಬಿ ಎಂಬ ಎರಡು ಬಗೆ. ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣವನ್ನು ಹಿಂಡಿ ತುಟಿಗೆ ಹಚ್ಚುವ ಬಣ್ಣಕ್ಕೂ ಬಳಸುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಇಷ್ಟು ಕೀರ್ತಿಯ ಮಾರುಕಟ್ಟೆಯಲ್ಲಿ 2024ರ ಮಾರ್ಚ್ 11ರಂದು ಏನಾಯಿತು? ದರ ಒಮ್ಮೆಗೇ ಕುಸಿಯಿತೆಂದು ದೂರದ ಊರುಗಳಿಂದ ಮೂಟೆ ಹೊತ್ತು ತಂದ ರೈತರು ಸಿಟ್ಟಿಗೆದ್ದರು. ಎ.ಪಿ.ಎಂ.ಸಿ. ಕಚೇರಿಗೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಸರಿಯೆಂದು ನಾನು ಹೇಳಲಾರೆ. ಆದರೆ ಮರುದಿನ ನಮ್ಮ ತರಗತಿಯಲ್ಲಿ ಮಕ್ಕಳು ಯಾಕೆ ಎಂದು ಕೇಳಿದಾಗ, ‘ರೈತರು ಗಲಾಟೆ ಮಾಡಿದರು’ ಎಂದಷ್ಟೇ ಹೇಳಿ ಪುಸ್ತಕ ತೆರೆಯಲು ನನಗೆ ಆಗಲಿಲ್ಲ. ಕಪ್ಪು ಹಲಗೆಯ ಮೇಲೆ ಬರೆದೆವು: ಬೀಜ, ಗೊಬ್ಬರ, ಔಷಧಿ, ಬಿಡಿಸುವ ಕೂಲಿ, ಒಣಗಿಸುವುದು, ಚೀಲ, ಲಾರಿ ಬಾಡಿಗೆ, ಹಮಾಲಿ. ಇಷ್ಟೂ ಖರ್ಚು ಮುಗಿದ ಮೇಲೆ ಮಾಲು ಟೆಂಡರಿಗೆ ಹೋಗುತ್ತದೆ. ಬೆಲೆ ಬರೆಯುವವನು ಕೊಳ್ಳುವವನು. ಶೀತಲಗೃಹದಲ್ಲಿ ಇಡಬಲ್ಲವನು ಒಳ್ಳೆಯ ದರಕ್ಕೆ ಕಾಯಬಲ್ಲ. ಸಾಲದ ಕಂತು ಇರುವವನು ಕಾಯಲಾರ. ‘ಅಕ್ಕೋರೆ, ಪೆನ್ನಿನ ರೇಟು ಅಂಗಡಿಯವ್ರು ಹೇಳತಾರ, ಮೆಣಸಿನಕಾಯಿ ರೇಟು ಬೆಳದವ್ರು ಯಾಕ ಹೇಳಂಗಿಲ್ಲ?’ ಎಂದು ಒಬ್ಬ ಹುಡುಗ ಕೇಳಿದ. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಉದ್ದನೆಯ ಉತ್ತರಗಳಿವೆ. ಆ ಪ್ರಶ್ನೆ ಹನ್ನೆರಡು ವರ್ಷದ ಹುಡುಗನ ಬಾಯಿಂದ ಬಂತೆಂಬುದು ನನಗೆ ದೊಡ್ಡದು. ಆ ವಾರ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಮೆಣಸಿನಕಾಯಿಯ ದರ ಒಂದು ರೂಪಾಯಿಯೂ ಇಳಿದಿರಲಿಲ್ಲ ಎಂಬುದನ್ನು ಇಲ್ಲಿ ಸೇರಿಸುತ್ತೇನೆ.

ರಿಸರ್ವ್ ಬ್ಯಾಂಕಿನ ಅಧ್ಯಯನ ಪ್ರಬಂಧಗಳು 2024ರಲ್ಲಿ ಹೊರಬಂದವು. ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ಬೆಳೆದವನಿಗೆ ಸಿಗುವುದು ಟೊಮೆಟೊದಲ್ಲಿ ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37 ಎಂದು ಅವು ಲೆಕ್ಕ ಹಾಕಿವೆ. ಹಾಲಿನಲ್ಲಿ? ಸುಮಾರು 70 ಪೈಸೆ. ಈ ನಾಲ್ಕು ಅಂಕಿಗಳನ್ನು ನಾನು ಪ್ರತಿ ವರ್ಷ ಹಲಗೆಯ ಮೇಲೆ ಬರೆದು ಮಕ್ಕಳಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: ಹಾಲಿಗೆ ಯಾಕೆ ಹೆಚ್ಚು? ಉತ್ತರ ಹುಡುಕಲು ಅವರು ಊರಿನ ಡೇರಿಗೆ ಹೋಗಿ ಬರುತ್ತಾರೆ. ಹಾಲು ಹಾಕುವವರೇ ಅಲ್ಲಿ ಸಂಘದ ಸದಸ್ಯರು. ಬೆಳಗ್ಗೆ ಸಂಜೆ ಅಳತೆ, ಎಲ್ಲರೆದುರು ಜಿಡ್ಡಿನ ಪರೀಕ್ಷೆ, ಮೊದಲೇ ಗೊತ್ತಿರುವ ದರ, ಪುಸ್ತಕದಲ್ಲಿ ಲೆಕ್ಕ. ಹಾಲೂ ಟೊಮೆಟೊದಂತೆಯೇ ಬೇಗ ಕೆಡುವ ವಸ್ತು. ಹಾಗಿದ್ದೂ ಅಲ್ಲಿ 70, ಇಲ್ಲಿ 33. ಕೆಡುವುದಷ್ಟೇ ಕಾರಣವಲ್ಲ, ಬೆಳೆದವರು ಕೂಡಿ ನಿಂತಿದ್ದಾರೋ ಒಂಟಿಯಾಗಿದ್ದಾರೋ ಎಂಬುದೂ ಕಾರಣ ಎಂದು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಸಹಕಾರ ಚಳವಳಿಯ ಬಗ್ಗೆ ನಾನು ಒಂದು ತಿಂಗಳು ಭಾಷಣ ಮಾಡಿದ್ದರೂ ಅಷ್ಟು ತಿಳಿಯುತ್ತಿರಲಿಲ್ಲ.

ಹೊರದೇಶಗಳಲ್ಲಿ ಇದಕ್ಕೆ ‘ಫೇರ್ ಟ್ರೇಡ್’ ಎಂದು ಹೆಸರು. ನ್ಯಾಯದ ವ್ಯಾಪಾರ ಎನ್ನೋಣ. 1988ರಲ್ಲಿ ಹಾಲೆಂಡಿನಲ್ಲಿ ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿಗೆ ಒಂದು ಮುದ್ರೆ ಹಾಕಿ ಮಾರತೊಡಗಿದರು. ಮುದ್ರೆಯ ಹೆಸರು ‘ಮ್ಯಾಕ್ಸ್ ಹಾವೆಲಾರ್’. ಅದು 1860ರ ಒಂದು ಡಚ್ ಕಾದಂಬರಿಯ ಹೆಸರು. ಡಚ್ಚರ ಆಳ್ವಿಕೆಯಲ್ಲಿ ಜಾವಾದ ಜನ ಅನುಭವಿಸಿದ ಶೋಷಣೆಯನ್ನು ಬಯಲಿಗಿಟ್ಟ ಪುಸ್ತಕ. ಅಜ್ಜಂದಿರು ಮಾಡಿದ ಅನ್ಯಾಯದ ಹೆಸರನ್ನೇ ಮೊಮ್ಮಕ್ಕಳು ನ್ಯಾಯದ ಗುರುತಾಗಿ ಹಚ್ಚಿಕೊಂಡರು. ಪೇಟೆಯ ದರ ಎಷ್ಟೇ ಕುಸಿದರೂ ಬೆಳೆಗಾರರ ಸಂಘಕ್ಕೆ ಇಂತಿಷ್ಟು ಕನಿಷ್ಠ ಬೆಲೆ ಸಿಗಬೇಕು, ಅದರ ಮೇಲೆ ಸ್ವಲ್ಪ ಹೆಚ್ಚಿನ ಹಣ. ಅದನ್ನು ಶಾಲೆಗೋ ಬಾವಿಗೋ ಹೇಗೆ ಬಳಸಬೇಕೆಂದು ಸಂಘದವರೇ ತೀರ್ಮಾನಿಸಬೇಕು. ಇದು ಅದರ ತಿರುಳು. ದೋಷಗಳೂ ಇವೆ. ಮುದ್ರೆ ಪಡೆಯಲು ಕಾಗದಪತ್ರ ಬೇಕು, ಶುಲ್ಕ ಬೇಕು. ತೀರ ಬಡವನಿಗೆ ಅದು ಎಟುಕುವುದಿಲ್ಲ. ನಮಗೆ ಆ ಮುದ್ರೆಯೇ ಬೇಕೆಂದಿಲ್ಲ. ಬೇಕಾದದ್ದು ಅದರ ಹಿಂದಿನ ಪ್ರಶ್ನೆ: ಇದನ್ನು ಬೆಳೆದವಳಿಗೆ ಎಷ್ಟು ಸಿಕ್ಕಿತು?

ಆ ಪ್ರಶ್ನೆಯನ್ನು ಮಕ್ಕಳು ಶಾಲೆಗಿಂತ ಮೊದಲು ಸಂತೆಯಲ್ಲಿ, ತಾಯಿಯ ಸೆರಗು ಹಿಡಿದು ಕಲಿಯಬೇಕು. ಆದರೆ ಅಲ್ಲಿ ಅವರು ಏನನ್ನು ನೋಡುತ್ತಾರೆ? ಗೋಣಿ ಹಾಸಿ ಕುಳಿತ ಮುದುಕಿಯ ಹತ್ತಿರ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಚೌಕಾಶಿ. ಕೊಟ್ಟ ಮೇಲೆ ಮೇಲಿಷ್ಟು ಕರಿಬೇವು ಪುಕ್ಕಟೆ. ‘ಬಾಳ ಆತು ಬಿಡಬೇ, ಸರಿಯಾಗಿ ಹೇಳು’ ಎಂಬ ಗದರಿಕೆ ಬೇರೆ. ಅದೇ ಸಂಜೆ ದೊಡ್ಡ ಅಂಗಡಿಯ ತಣ್ಣನೆಯ ಗಾಳಿಯಲ್ಲಿ, ಅಚ್ಚು ಹಾಕಿದ ಬೆಲೆಗೆ ಆಲೂಗಡ್ಡೆ ಚಿಪ್ಸಿನ ಪೊಟ್ಟಣ. ಅರ್ಧ ಪೊಟ್ಟಣದಲ್ಲಿ ಗಾಳಿ. ಅಲ್ಲಿ ಚೌಕಾಶಿ ಇಲ್ಲ. ಅಲ್ಲಿ ಕೇಳುವುದು ಮರ್ಯಾದೆಗೇಡು. ಮಗು ಎರಡನ್ನೂ ನೋಡುತ್ತದೆ. ಬಡವಳ ಬೆಲೆಯನ್ನು ಪ್ರಶ್ನಿಸಬೇಕು, ಸಿರಿವಂತನ ಬೆಲೆಯನ್ನು ಪ್ರಶ್ನಿಸಬಾರದು ಎಂಬ ಪಾಠವನ್ನು ಅದು ಅಂದೇ ಕಲಿಯುತ್ತದೆ. ಈ ಪಾಠ ಕಲಿಸಲು ಬಿ.ಎಡ್. ಬೇಕಾಗಿಲ್ಲ.

ನಮ್ಮ ಸಂಬಳವೂ ಅಷ್ಟಕ್ಕಷ್ಟೇ, ತರಕಾರಿ ತುಟ್ಟಿಯಾದರೆ ಸಂಸಾರ ಹೇಗೆ ನಡೆಯಬೇಕು ಎಂದು ನೀವು ಕೇಳುವುದು ನ್ಯಾಯ. ನಾನೂ ತಿಂಗಳ ಕೊನೆಗೆ ಪರ್ಸು ತಡಕುವವಳೇ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಾಗ ನಮ್ಮ ಮನೆಯ ಸಾರಿಗೂ ಹುಣಿಸೆಹಣ್ಣೇ ಗತಿಯಾಗಿತ್ತು. ಆದರೆ ನನ್ನ ವಾದ ಹೆಚ್ಚು ಕೊಡಿ ಎಂಬುದಲ್ಲ. ಕೊಟ್ಟ ರೂಪಾಯಿ ಎಲ್ಲಿಗೆ ಹೋಯಿತೆಂದು ಕೇಳಿ ಎಂಬುದು. 67 ಪೈಸೆಯೂ ಕಳ್ಳರ ಪಾಲೆಂದು ಮಕ್ಕಳಿಗೆ ಕಲಿಸಬೇಕೆಂದೂ ಅಲ್ಲ. ಲಾರಿಯವನಿಗೆ ಡೀಸೆಲ್ ಖರ್ಚಿದೆ, ಹಮಾಲನಿಗೆ ಬೆನ್ನುನೋವಿದೆ, ಕೊಳೆತ ಹಣ್ಣು ತಳ್ಳುಗಾಡಿಯವಳ ನಷ್ಟ. ಯಾರ ಪಾಲು ದುಡಿಮೆಯದು, ಯಾರ ಪಾಲು ಬರೀ ಕೈಬದಲಾವಣೆಯದು ಎಂದು ಬಿಡಿಸಿ ನೋಡಲು ಕಲಿಸಬೇಕು.

ಶಾಲೆಗೆ ರಾಜಕೀಯ ತರುತ್ತೀರಿ ಎಂದು ಒಬ್ಬ ಅಧಿಕಾರಿಗಳು ನನಗೆ ಹೇಳಿದ್ದುಂಟು. ಲಾಭ ನಷ್ಟದ ಲೆಕ್ಕದಲ್ಲಿ ‘ಒಬ್ಬ ವ್ಯಾಪಾರಿಯು ಟೊಮೆಟೊವನ್ನು 10 ರೂಪಾಯಿಗೆ ಕೊಂಡು 30 ರೂಪಾಯಿಗೆ ಮಾರಿದರೆ ಲಾಭವೆಷ್ಟು’ ಎಂದು ಕೇಳಿದರೆ ಅದು ಗಣಿತ. ‘ಆ 10 ರೂಪಾಯಿಯಲ್ಲಿ ಬೆಳೆದವಳಿಗೆ ಉಳಿದದ್ದೆಷ್ಟು’ ಎಂದು ಕೇಳಿದರೆ ರಾಜಕೀಯವೇ? ಹಾಗಾದರೆ ಮೊದಲ ಲೆಕ್ಕವೂ ರಾಜಕೀಯವೇ, ಆದರೆ ವ್ಯಾಪಾರಿಯ ಕಡೆಯಿಂದ. ನಮ್ಮ ಮಕ್ಕಳು ಇಂಜಿನಿಯರ್ ಆಗುವವರು, ಇದೆಲ್ಲ ಯಾಕೆ ಎನ್ನುವ ತಾಯಂದಿರೂ ಇದ್ದಾರೆ. ಆಗಲಿ ತಾಯಿ, ಇಂಜಿನಿಯರ್ ಆದವರೂ ಮಧ್ಯಾಹ್ನ ಒಂದು ಗಂಟೆಗೆ ಉಣ್ಣಲೇಬೇಕಲ್ಲ! ನಾಳೆ ಬೀಜದ ಕಾನೂನು ಬರೆಯುವವರು, ಗೋದಾಮು ಕಟ್ಟುವವರು, ದರ ನಿಗದಿ ಮಾಡುವ ಕುರ್ಚಿಯಲ್ಲಿ ಕೂರುವವರು ಇವರೇ. ಉಳುವವನ ಮಗನಿಗೆ ಈ ಪಾಠ ಮನೆಯಲ್ಲೇ ಸಿಗುತ್ತದೆ. ಪೇಟೆಯ ಮಗುವಿಗೇ ಇದು ಹೆಚ್ಚು ಬೇಕು.

ಇದಕ್ಕೆ ಹೊಸ ಪಠ್ಯಪುಸ್ತಕ ಬೇಕಾಗಿಲ್ಲ, ಸರ್ಕಾರದ ಸುತ್ತೋಲೆಯೂ ಬೇಕಾಗಿಲ್ಲ. ಪ್ರತಿ ಮಗು ಮನೆಯಿಂದ ಒಂದು ಹಿಡಿ ಬೀಜ ತರಲಿ. ಅದರ ಜತೆಗೆ ಅದನ್ನು ಎತ್ತಿಟ್ಟವರ ಹೆಸರು, ಊರು ಬರೆದು ತರಲಿ. ಪೇಟೆಯ ಹೈಬ್ರಿಡ್ ಟೊಮೆಟೊದ ಬೀಜವನ್ನೂ ಅಜ್ಜಿಯ ಊರಿನ ಅವರೆಯನ್ನೂ ಅಕ್ಕಪಕ್ಕ ಬಿತ್ತಿ, ಯಾವುದು ತಾಯಿಯನ್ನು ಹೋಲುತ್ತದೆಂದು ನೋಡಲಿ. ಅಂಗಳವಿಲ್ಲದ ಶಾಲೆಗೆ ಎಣ್ಣೆಯ ಹಳೆಯ ಡಬ್ಬಿ ಸಾಕು. ತಿಂಗಳಿಗೊಮ್ಮೆ ಒಂದೇ ಪದಾರ್ಥದ ದರವನ್ನು ಮೂರು ಕಡೆ ಕೇಳಿ ಬರಲಿ: ಹೊಲದಲ್ಲಿ, ಮಾರುಕಟ್ಟೆಯಲ್ಲಿ, ಅಂಗಡಿಯಲ್ಲಿ. ಬಿಸಿಯೂಟದ ಅಡುಗೆಯವರನ್ನು ಒಂದು ದಿನ ತರಗತಿಗೆ ಕರೆದು ಕುರ್ಚಿ ಕೊಟ್ಟು ಕೂರಿಸಲಿ. ಕ್ರಾಸಿಂಗ್ ಬಲ್ಲ ಹುಡುಗಿ ಹೂವಿನ ಪಾಠ ಮಾಡಲಿ, ಅದಕ್ಕೆ ಅಂಕವೂ ಇರಲಿ. ಹಾಗೆ ಪಾಠ ಮಾಡುವಾಗ ಆಕೆ ಹೊಲದಲ್ಲಲ್ಲ, ಶಾಲೆಯಲ್ಲೇ ಇರುತ್ತಾಳೆ ಎಂಬುದೂ ಒಂದು ಲಾಭ.

ಮನೆಯಲ್ಲಿ ನಿಮ್ಮ ಪಾಲಿನ ಕೆಲಸ ಇನ್ನೂ ಸುಲಭ. ಮುಂದಿನ ಸಂತೆಯ ದಿನ ಮಗುವನ್ನು ಜತೆಗೆ ಕರೆದೊಯ್ಯಿರಿ. ಸೊಪ್ಪಿನವಳ ಮುಂದೆ ಕುಳಿತು, ಬೆಲೆ ಕೇಳುವ ಮೊದಲು, ‘ಯಾವ ಊರವ್ವ, ಬೀಜ ನಿಮ್ದೋ ಅಂಗಡೀದೋ, ಇವತ್ತು ಬಸ್ ಚಾರ್ಜು ಹೋಗಿ ಎಷ್ಟು ಉಳೀತು?’ ಎಂದು ಕೇಳಿ. ಆಮೇಲೆ ಚೌಕಾಶಿ ಮಾಡಲು ನಾಲಿಗೆ ಏಳುತ್ತದೆಯೋ ನೋಡಿ. ಎದ್ದರೆ ಮಾಡಿ, ನಾನು ಬೇಡವೆನ್ನುವುದಿಲ್ಲ. ಆದರೆ ದೊಡ್ಡ ಅಂಗಡಿಯ ಕೌಂಟರಿನಲ್ಲೂ ಅದೇ ಮೂರು ಪ್ರಶ್ನೆಗಳನ್ನು ಅಷ್ಟೇ ಗಟ್ಟಿಯಾಗಿ ಕೇಳಿ. ಅಲ್ಲಿ ಉತ್ತರ ಹೇಳುವವರು ಯಾರೂ ಇಲ್ಲವೆಂಬುದು ಮಗುವಿಗೆ ಅಂದೇ ಗೊತ್ತಾಗಲಿ.